ಕುಳಿರವ್ವನಿಗೆ ಕೂರಲು ಜಾಗ

ಮಲೆಗಳು ಇನ್ನೂ ಮಾತಾಡುತ್ತಿದ್ದ ಕಾಲ ಅದು. ಮೋಡವನ್ನು ಕುರಿ ಕಾಯುವ ಕೋಲಿನಿಂದ ತಿವಿದರೆ ಮಳೆ ಬೀಳುತ್ತಿದ್ದ ಕಾಲ. ಆಗ ಮುಮ್ಮಲೆ ಎಂಬ ರಾಜ್ಯವಿತ್ತು. ಒಂದರ ಬೆನ್ನಿಗೆ ಒಂದು ನಿಂತ ಮೂರು ಮಲೆ, ಆ ಮಲೆಗಳ ಬುಡದಲ್ಲಿ ಕರಿಹಟ್ಟಿ ಎಂಬ ಊರು.

ಕರಿಹಟ್ಟಿಯವರು ಕುರಿ ಕಾಯುತ್ತಿದ್ದರು, ಕಂಬಳಿ ನೇಯುತ್ತಿದ್ದರು. ಎಂಥ ಕಂಬಳಿ ಅಂತೀರಿ! ಕರಿಕುರಿಯ ಉಣ್ಣೆ, ಮೇಲೆ ಹುಣಸೆಬೀಜದ ಗಂಜಿ. ನಿಲ್ಲಿಸಿದರೆ ಆಳಿನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಮಳೆ ಬಂದರೆ ಹನಿಗಳು ಅದರ ಮೇಲೆ ಬಿದ್ದು, ತಪ್ಪಾಯ್ತು ಅಂತ ಜಾರಿ ಹೋಗುತ್ತಿದ್ದವು. ಅಂಥ ಕಂಬಳಿ ಬೇರೆ ಯಾವ ಊರಲ್ಲಾದರೂ ನೇಯ್ದಿದ್ದರೆ ತಂದು ತೋರಿಸಿ, ಆಮೇಲೆ ಮಾತಾಡೋಣ.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಮನೆಗೆ ಯಾರೇ ಬರಲಿ, ಮೊದಲು ಕಂಬಳಿ ಹಾಸಬೇಕು. ಕಂಬಳಿಯ ಮೇಲೆ ಕೂತವನು ಒಂದು ಕೇಳಬಹುದು. ಕಂಬಳಿ ಹಾಸಿದವನೂ ಒಂದು ಕೇಳಬಹುದು. ಇಬ್ಬರೂ ಇಲ್ಲ ಅನ್ನುವಂತಿಲ್ಲ. ಒಮ್ಮೆ ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ. ಮಾತು ತಪ್ಪಿದವನ ನಾಲಿಗೆ ಅಲ್ಲೇ, ಆಗಲೇ, ಉಣ್ಣೆಯಾಗಿ ಬಿಡುತ್ತಿತ್ತು.

ಆದರೆ ಕರಿಹಟ್ಟಿಯವರ ಜಂಬ ಎಷ್ಟಿತ್ತೆಂದರೆ, ಅವರು ಕೊಡುತ್ತಿದ್ದರೇ ಹೊರತು ಕೇಳುತ್ತಿರಲಿಲ್ಲ. ಬಂದವರು ಟಗರು ಕೇಳಿದರೆ ಟಗರು ಕೊಡುತ್ತಿದ್ದರು, ತುಪ್ಪ ಕೇಳಿದರೆ ತುಪ್ಪ ಕೊಡುತ್ತಿದ್ದರು. "ನೀವೂ ಏನಾದರೂ ಕೇಳಿ" ಅಂದರೆ ಮೀಸೆ ತಿರುವಿ, "ನಾವು ಕೇಳೋ ಜನ ಅಲ್ಲ, ಕೊಡೋ ಜನ" ಅನ್ನುತ್ತಿದ್ದರು. ಕೇಳುವುದೆಂದರೆ ಅವರಿಗೆ ಅಂಗೈ ಚಾಚಿದ ಹಾಗೆ.

ಮೂರನೆಯ ಮಲೆಯ ನೆತ್ತಿಯಲ್ಲಿ ಕುಳಿರವ್ವ ಇರುತ್ತಿದ್ದಳು. ಕುಳಿರವ್ವ ಅಂದರೆ ಮಲೆಯಿಂದ ಇಳಿಯುವ ಚಳಿಗಾಳಿ. ಅವರೆ ಹೂ ಬಿಡುವ ಹೊತ್ತಿಗೆ ಸೆರಗು ಬೀಸಿಕೊಂಡು ಇಳಿಯುತ್ತಿದ್ದಳು. ಕಣದಲ್ಲಿ ರಾಗಿ ತೂರಿಕೊಡುತ್ತಿದ್ದಳು, ಕುರಿಗಳ ಉಣ್ಣೆ ದಟ್ಟ ಮಾಡುತ್ತಿದ್ದಳು, ಮುದುಕರ ಮೂಗು ಸೋರಿಸುತ್ತಿದ್ದಳು. ಮುತ್ತುಗದ ಮರ ಕೆಂಪಾಗುವ ಹೊತ್ತಿಗೆ ಅವಳಿಗೂ ಸುಸ್ತು. ಮಲೆ ಹತ್ತಿ, ನೆತ್ತಿಯ ಮೇಲಿನ ಹಾಸುಬಂಡೆ ಎಂಬ ಚಪ್ಪಟೆ ಕಲ್ಲಿನ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಅವಳು ಕೂತಳೆಂದರೆ ಬೇಸಿಗೆ, ಎದ್ದಳೆಂದರೆ ಚಳಿ. ಅಷ್ಟೇ ಲೆಕ್ಕ.

ಕರಿಹಟ್ಟಿಯಲ್ಲಿ ಕ್ಯಾತ ಎಂಬ ಹುಡುಗನಿದ್ದ. ಹರೆಯ ಉಕ್ಕುವ ವಯಸ್ಸು. ತಲೆಗೆ ಕೆಂಪು ರುಮಾಲು, ಮೂಗಿನ ಕೆಳಗೆ ಚೇಳಿನ ಕೊಂಡಿಯಂಥ ಮೀಸೆ. ಕುಸ್ತಿಯಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿದ್ದಿಲ್ಲ, ಮಾತಿನಲ್ಲಿ ಅವನನ್ನು ಗೆದ್ದವರು ಇಡೀ ಊರಿಗೆ ಒಬ್ಬಳೇ. ಅವಳು ಅವನ ಅಕ್ಕ ತಿಪ್ಪಕ್ಕ.

ಒಂದು ಅವರೆ ಕಾಲದಲ್ಲಿ, ತಿಪ್ಪಕ್ಕನ ಗಂಡ ಕುರಿ ಹೊಡೆದುಕೊಂಡು ಬಯಲುಸೀಮೆಗೆ ಹೋಗಿದ್ದಾಗ, ಕ್ಯಾತನ ಬಾಗಿಲಿಗೆ ಒಬ್ಬ ಬಂದ. ಬಡಕಲು ಮೈ, ಗಡಗಡ ನಡುಕ, ಎರಡೂ ಕಣ್ಣು ಬೂದಿಯ ಬಣ್ಣ. ಕ್ಯಾತ ಕಂಬಳಿ ಹಾಸಿದ. ಬಂದವನು ಕೂತ. ನೀರು ಬೆಲ್ಲ ಕೊಟ್ಟದ್ದಾಯಿತು.

"ಕೇಳಪ್ಪ, ಏನು ಬೇಕೋ ಕೇಳು" ಅಂದ ಕ್ಯಾತ. "ನಾಚಬೇಡ. ಕರಿಹಟ್ಟಿಯ ಅಂಗಳದಲ್ಲಿ ಕೂತಿದ್ದೀಯ."

"ಗಾಳಿ ಕೂರುವ ಜಾಗ ಕೊಡು" ಅಂದ ಬೂದಿಗಣ್ಣಿನವನು.

ಕ್ಯಾತ ಹೊಟ್ಟೆ ಹಿಡಿದು ನಕ್ಕ. ಟಗರು ಬಿಟ್ಟು, ತುಪ್ಪ ಬಿಟ್ಟು, ಗಾಳಿ ಕೂರುವ ಜಾಗವಂತೆ! "ಕೊಟ್ಟೆ ತಗೊಳ್ಳಯ್ಯ! ಬೇಕಾದರೆ ನೆರಳು ಮಲಗುವ ಜಾಗಾನೂ ತಗೋ."

"ನೀನೂ ಒಂದು ಕೇಳು. ಕಟ್ಟಳೆ ಇದೆಯಲ್ಲ."

"ಕೇಳೋದಾ? ನಿನ್ನ ಹತ್ತಿರ ಏನಿದೆ ಅಂತ ಕೇಳಲಿ? ಹೋಗಯ್ಯ, ಮೈ ಕಾಯಿಸಿಕೋ ಹೋಗು."

ಬಂದವನು ಎದ್ದ. ಅವನು ಮಾಟಗಾರ ಬೂದಿಗಣ್ಣ. ಕಾಲು ನೆಲಕ್ಕೆ ತಾಗಿಸದೆ ಮೂರು ಮಲೆ ಹತ್ತಿದ, ಹಾಸುಬಂಡೆಯನ್ನು ರೊಟ್ಟಿಯ ಹಾಗೆ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡ, ನೆತ್ತಿಯ ಗವಿಯೊಳಗೆ ಹೊಕ್ಕ.

ಅಲ್ಲಿಂದ ಶುರುವಾಯಿತು.

ಮುತ್ತುಗ ಕೆಂಪಾಗುವ ಹೊತ್ತು ಬಂತು, ಹೋಯಿತು. ಗಾಳಿ ಬೀಸಿತು, ಬೀಸಿತು, ಬೀಸುತ್ತಲೇ ಇತ್ತು. ಕುಳಿರವ್ವ ಮಲೆ ಹತ್ತಿ ನೋಡುತ್ತಾಳೆ, ಕೂರಲು ಬಂಡೆಯಿಲ್ಲ. ಕೆಳಗೆ ಓಡಿ ಬರುತ್ತಾಳೆ, ಮತ್ತೆ ಮೇಲೆ ಓಡುತ್ತಾಳೆ. ಊರಿನ ಜನವೂ ನಿಂತಲ್ಲಿ ನಿಲ್ಲಲಾರದೆ ಹೋದರು. ಬಾಗಿಲುಗಳು ಪಟಪಟ ಬಡಿದುಕೊಂಡವು. ಮಗ್ಗದಲ್ಲಿ ನೂಲು ಗಂಟು ಬಿತ್ತು. ಕುರಿಗಳು ರೊಪ್ಪದೊಳಗೆ ಗಾಣದ ಎತ್ತಿನ ಹಾಗೆ ಸುತ್ತಿದವು. ಮುದ್ದೆ ನುಂಗಲು ಕೂತವರು ಅರ್ಧಕ್ಕೆ ಎದ್ದು ಹೊರಗೆ ಬಂದು, ಯಾಕೆ ಬಂದೆ ಎಂದು ತಿಳಿಯದೆ ಒಳಗೆ ಹೋದರು. ಅರಮನೆಯಲ್ಲಿ ಅರಸ ದೇವರಸ ಮೈತುಂಬ ಕೌದಿ ಸುತ್ತಿಕೊಂಡು, ತೊಲೆಯ ಹಾಗೆ ದಪ್ಪಗಾಗಿ, ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಲೇ ಇದ್ದ. ಮಂತ್ರಿಗಳು ಹಿಂದೆ ಹಿಂದೆ ನಡೆಯುತ್ತಾ ವರದಿ ಒಪ್ಪಿಸುತ್ತಿದ್ದರು.

ಎಲ್ಲಕ್ಕಿಂತ ಕೆಟ್ಟದ್ದು ಬೆಂಕಿಯ ಗತಿ. ಒಲೆ ಹಚ್ಚಿದರೆ ಗಾಳಿ ನುಗ್ಗಿ ಆರಿಸುತ್ತಿತ್ತು. ಆರಿದ ಬೆಂಕಿ ಬರೀ ಆರುತ್ತಿರಲಿಲ್ಲ. ಕೆಂಪು ಹುಳದ ಹಾಗೆ ಮೇಲೆದ್ದು, ಕಿಟಕಿಯಿಂದ ಹಾರಿ, ಮಲೆಯ ಕಡೆ ಹೋಗುತ್ತಿತ್ತು. ಬೂದಿಗಣ್ಣನಿಗೆ ಬೇಕಾಗಿದ್ದೂ ಅದೇ. ಹುಟ್ಟಿನಿಂದ ಅವನ ಮೈಗೆ ಬಿಸಿಯೇ ಇಲ್ಲ. ರಾಜ್ಯದ ಬೆಂಕಿಯನ್ನೆಲ್ಲ ಗಡಿಗೆಗಳಲ್ಲಿ ತುಂಬಿ ಸುತ್ತಲೂ ಇಟ್ಟುಕೊಂಡು ಕಾಯಿಸಿಕೊಳ್ಳುತ್ತಿದ್ದ.

ಇಂಥ ಹೊತ್ತಿನಲ್ಲಿ ತಿಪ್ಪಕ್ಕ ಹೆತ್ತಳು. ಹೆಣ್ಣು ಕೂಸು, ಅಂಗೈಯಷ್ಟು. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಗೆ ಕೆಂಡ ಹಾಕಿದರು, ಕೆಂಡ ಹಾರಿಹೋಯಿತು. ಮತ್ತೆ ಹಾಕಿದರು, ಮತ್ತೆ ಹಾರಿತು. ಕಾಸಿದ ನೀರು ಹಂಡೆಯಲ್ಲೇ ಮಂಜಾಯಿತು. ಕೂಸಿನ ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಅದು ಅಳುವುದನ್ನೂ ಬಿಟ್ಟಿತ್ತು.

ಕ್ಯಾತ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಗಾಳಿ ತಡೆಯುತ್ತೇನೆ ಅಂತ. ಗಾಳಿ ಅವನ ಕಂಕುಳ ಸಂದಿಯಿಂದ ಒಳಗೆ ಹೋಗುತ್ತಿತ್ತು.

"ಲೇ ಕ್ಯಾತ" ಅಂದಳು ತಿಪ್ಪಕ್ಕ, ಕೂಸನ್ನು ಕುಪ್ಪಸದೊಳಗೆ ಎದೆಗೆ ಅಂಟಿಸಿಕೊಂಡು. "ಅವತ್ತು ಒಬ್ಬ ಬಂದಿದ್ದ ಅಂದೆಯಲ್ಲ. ಗಾಳಿ ಕೂರೋ ಜಾಗ ಕೇಳಿದ ಅಂತ ಊರೆಲ್ಲ ಹೇಳಿಕೊಂಡು ನಕ್ಕೆಯಲ್ಲ. ಅವನ ಕಣ್ಣು ಹೇಗಿತ್ತು?"

"ಬೂದಿ ಬಣ್ಣ."

"ಥೂ ನಿನ್ನ! ಬೂದಿಗಣ್ಣನಿಗೆ ಹಾಸುಬಂಡೆ ಬರೆದುಕೊಟ್ಟುಬಿಟ್ಟಿದ್ದೀಯಲ್ಲೋ. ನಗುತ್ತಾ ಕೊಟ್ಟೆಯಾ?"

ಕ್ಯಾತ ರುಮಾಲಿನ ಅಂಚು ಹಿಡಿದು ಜಗ್ಗಿದ.

"ನೀನೇನು ಕೇಳಿದೆ?"

"ಏನೂ ಕೇಳಲಿಲ್ಲ ಅಕ್ಕ. ನಾವು ಕೇಳೋ ಜನ..."

"ಬಾಯಿ ಮುಚ್ಚು! ನಿನ್ನ ಜಂಬಾನ ಕೂಸಿಗೆ ಹೊದಿಸಲಾ?" ತಿಪ್ಪಕ್ಕ ಉಸಿರು ತೆಗೆದುಕೊಂಡಳು. "ಕೇಳದೇ ಬಿಟ್ಟದ್ದು ಹಾಗೇ ಉಳಿದಿರುತ್ತೆ. ಅದೇ ಕಂಬಳಿ ತಗೊಂಡು ಹೋಗು. ಅದರ ಮೇಲೆ ಅವನನ್ನ ಕೂರಿಸು. ಕೇಳು. ನಾಲಿಗೆ ಕಿತ್ತು ಬಂದರೂ ಸರಿ, ಕೇಳು. ನನ್ನ ಮೈ ಬಿಸಿ ಇರೋ ತನಕ ಈ ಕೂಸಿಗೆ ಉಸಿರು. ನನ್ನ ಮೈಯೂ ಆರ್ತಾ ಇದೆ ಕಣೋ."

ಕ್ಯಾತ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಕೋಲು ಹಿಡಿದು ಓಡಿದ.

ಮೊದಲನೆಯ ಮಲೆಯ ಕಣಿವೆಯಲ್ಲಿ ಒಂದು ತೋಳ. ಉಳುವ ಎತ್ತಿನ ಗಾತ್ರ, ಬೆನ್ನಿನ ತುಂಬ ಇಬ್ಬನಿ ಹೆಪ್ಪುಗಟ್ಟಿತ್ತು. ಅದು ನಿಲ್ಲುತ್ತಿರಲಿಲ್ಲ, ಮಲಗುತ್ತಿರಲಿಲ್ಲ, ದಾರಿಗೆ ಅಡ್ಡಲಾಗಿ ಅತ್ತ ಇತ್ತ, ಅತ್ತ ಇತ್ತ ಓಡಾಡುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು.

"ಯಾವನಲೇ ಅವನು?"

"ಕರಿಹಟ್ಟಿ ಕ್ಯಾತ! ನಿನ್ನಂಥ ತೋಳಗಳನ್ನ ಬಾಲ ಹಿಡಿದು ತಿರುಗಿಸಿ ಒಗೆದವನು."

"ಓಹೋ, ನೀನಾ? ಆ ತೋಳ ನಮ್ಮಪ್ಪ. ನೀನು ಅವನ ಬಾಲ ಹಿಡಿದದ್ದಲ್ಲ, ನೀನು ಓಡುವಾಗ ಅವನು ನಿನ್ನ ಪಂಚೆ ಹಿಡಿದದ್ದು."

ಕ್ಯಾತನ ಕಿವಿ ಬಿಸಿಯಾಯಿತು. ಕೋಲೆತ್ತಿ ನುಗ್ಗಿದ. ತೋಳ ಒಂದು ಪಂಜ ಬೀಸಿತು, ಕ್ಯಾತ ಮುಳ್ಳುಪೊದೆಯಲ್ಲಿ ಬಿದ್ದ. ಎದ್ದು ಹೆದರಿಸಿ ಕೂಗಿದ. ತೋಳ ಇನ್ನೊಂದು ಪಂಜ ಬೀಸಿತು, ಮತ್ತೆ ಪೊದೆ.

"ಬೂದಿಗಣ್ಣ ಮಾಟ ಹಾಕಿದ್ದಾನೆ ಮಾರಾಯ" ಅಂತು ತೋಳ, ಓಡಾಡುತ್ತಲೇ. "ಹೊಡೆದವನಿಗೂ ದಾರಿ ಬಿಡುವಂತಿಲ್ಲ, ಹೆದರಿಸಿದವನಿಗೂ ಬಿಡುವಂತಿಲ್ಲ. ನಿನ್ನ ಜೀವ ಉಳಿಸಿಕೊಂಡು ಹೋಗು. ನನಗೂ ಸಾಕಾಗಿದೆ."

ಕ್ಯಾತ ಮುಳ್ಳು ಕಿತ್ತುಕೊಳ್ಳುತ್ತಾ ಕೂತ. ಅಕ್ಕನ ಎದೆಯಲ್ಲಿ ಅಂಟಿಕೊಂಡ ನೇರಳೆ ತುಟಿ ಕಣ್ಣ ಮುಂದೆ ಬಂತು. ಎದ್ದು, ಕಂಬಳಿ ಕೊಡವಿ, ದಾರಿಯ ನಡುವೆ ಹಾಸಿದ.

"ಬಾಪ್ಪ, ಕೂತ್ಕೋ."

ತೋಳ ಬೆಕ್ಕಸಬೆರಗಾಯಿತು. ಕುರುಬರ ಹುಡುಗ ತೋಳಕ್ಕೆ ಕಂಬಳಿ ಹಾಸಿದ್ದನ್ನು ಅದರ ಮುತ್ತಜ್ಜನೂ ಕಂಡಿರಲಿಲ್ಲ. ಮೆಲ್ಲಗೆ ಬಂದು ಕೂತಿತು. ಕಂಬಳಿಯ ಬಿಸಿಗೆ ಬೆನ್ನಿನ ಇಬ್ಬನಿಯೂ ಕರಗಿ ಹರಿಯಿತು.

"ನನ್ನ ಕಿವಿ ಕಂಡೆಯಾ? ಚಳಿಗೆ ಬಿರುಕು ಬಿಟ್ಟಿದೆ" ಅಂತು. "ನಿನ್ನ ರುಮಾಲು ಕೊಡು."

ಕೆಂಪು ರುಮಾಲು! ಅದಿಲ್ಲದೆ ಕ್ಯಾತ ತಾಯಿಯ ಎದುರಿಗೂ ನಿಂತವನಲ್ಲ. ಬಿಚ್ಚಿದ. ತೋಳದ ಕಿವಿ ಮುಚ್ಚುವ ಹಾಗೆ ಸುತ್ತಿ ಕಟ್ಟಿದ.

"ಈಗ ನೀನು ಕೇಳು."

ಕ್ಯಾತನ ಗಂಟಲಲ್ಲಿ ಮಾತು ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಕೆಮ್ಮಿದ, ಉಗುಳಿದ, ಆಕಾಶ ನೋಡಿದ. "ದಾರಿ... ದಾರಿ ಬೇಕಿತ್ತು ಕಣಪ್ಪ" ಅಂದ.

"ಅಷ್ಟೇ ತಾನೇ? ಮೊದಲೇ ಕೇಳಬಾರದಾ?" ತೋಳ ಎದ್ದು ಪಕ್ಕಕ್ಕೆ ಸರಿಯಿತು. ಮಾಟ ಹರಿಯಿತು. ಕೆಂಪು ರುಮಾಲು ಸುತ್ತಿಕೊಂಡು ಗೌಡನ ಹಾಗೆ ಬೀಗುತ್ತಾ ಕಾಡಿನೊಳಕ್ಕೆ ಹೋಯಿತು.

ಗಾಳಿ ಬೀಸಿತು, ಬೀಸಿತು, ಬೀಸುತ್ತಲೇ ಇತ್ತು. ರುಮಾಲಿಲ್ಲದ ಬರಿತಲೆಯಲ್ಲಿ ಕ್ಯಾತ ಎರಡನೆಯ ಮಲೆ ಹತ್ತಿದ.

ಅಲ್ಲಿ ಒಂಟಿ ಕಲ್ಲಿನ ಮೇಲೆ ಒಂದು ಗಂಡಭೇರುಂಡ. ಮೈ ಒಂದು, ತಲೆ ಎರಡು, ರೆಕ್ಕೆ ಬಿಚ್ಚಿದರೆ ಮಲೆಗೆ ಮಲೆಯೇ ಕತ್ತಲೆ. ಎರಡು ತಲೆಯೂ ಜಗಳವಾಡುತ್ತಿದ್ದವು.

"ಈಗ ರೆಕ್ಕೆಯೊಳಗೆ ತಲೆ ಇಡುವ ಸರದಿ ನಂದು" ಅಂತು ಎಡತಲೆ.

"ಈಗ ತಾನೇ ಇಟ್ಟಿದ್ದೆಯಲ್ಲೇ! ನಿನ್ನ ಕೊಕ್ಕಿಗೆ ಮಾತ್ರ ಚಳಿಯೇನು?" ಅಂತು ಬಲತಲೆ.

ಕ್ಯಾತನನ್ನು ಕಂಡದ್ದೇ ತಡ, ಎರಡೂ ಒಟ್ಟಿಗೆ ತಿರುಗಿ ಕಿರುಚಿದವು. ಉಗುರು ಚಾಚಿ ಎರಗಿದವು. ಕ್ಯಾತನಿಗೆ ಕೋಲೆತ್ತಬೇಕೆಂದು ಕೈ ತುರಿಸಿತು. ಎತ್ತಿದ ಕೂಡ. ಹಕ್ಕಿ ಕೋಲನ್ನು ಕಡ್ಡಿಯ ಹಾಗೆ ಮುರಿದು ಕೆಳಗೆ ಎಸೆಯಿತು. ಆಗ ಬುದ್ಧಿ ಬಂದು ಕಂಬಳಿ ಹಾಸಿದ.

"ಬನ್ನಿ, ಕೂತ್ಕೊಳ್ಳಿ. ಇಬ್ಬರೂ."

ಹಕ್ಕಿ ಇಳಿದು, ಕಾಲು ಮಡಿಚಿ ಕೂತಿತು. ಕೂತ ಮೇಲೂ ಜಗಳ ನಿಲ್ಲಲಿಲ್ಲ.

"ಕೂತವರು ಒಂದು ಕೇಳಬಹುದು. ನಾನು ಕೇಳ್ತೀನಿ."

"ತಲೆ ಎರಡು, ಕೇಳೋದೂ ಎರಡು. ನಾನೂ ಕೇಳ್ತೀನಿ."

"ಕೇಳ್ರವ್ವ, ಇಬ್ಬರೂ ಕೇಳಿ. ಬೇಗ ಕೇಳಿ. ಮನೇಲಿ ಕೂಸು ಸಾಯ್ತಾ ಇದೆ."

ಎಡತಲೆ ಅವನ ಮುಖವನ್ನೇ ನೋಡಿತು. "ನಮ್ಮ ಗೂಡಿಗೆ ಮೆತ್ತಗೆ ಹಾಸೋಕೆ ಏನಾದರೂ ಬೇಕು. ನಿನ್ನ ಎಡಮೀಸೆ ಕೊಡು."

"ಹಾಗಾದರೆ ಬಲಮೀಸೆ ನನಗೆ" ಅಂತು ಬಲತಲೆ.

ಕ್ಯಾತನ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು. ಆ ಮೀಸೆಗೆ ಅವನು ಸುರಿದ ಹರಳೆಣ್ಣೆಯಲ್ಲಿ ಒಂದು ಗುಡಿಯ ದೀಪ ವರ್ಷವಿಡೀ ಉರಿಯುತ್ತಿತ್ತು. ಕಣ್ಣು ಮುಚ್ಚಿದ. ಕಚಕ್, ಎಡಗಡೆ ಹೋಯಿತು. ಕಚಕ್, ಬಲಗಡೆ ಹೋಯಿತು. ಗಾಳಿ ಬೀಸಿ ಮೂಗಿನ ಕೆಳಗೆ ಹೊಸದಾಗಿ ಚಳಿಯಾಯಿತು.

"ಈಗ ನಾನು ಕೇಳ್ತೀನಿ" ಅಂದ. ಈ ಸಲ ಕೆಮ್ಮಲಿಲ್ಲ. "ದಾರಿ ಬಿಡ್ರವ್ವ."

ಹಕ್ಕಿ ಅರ್ಧ ಅರ್ಧ ಮೀಸೆ ಕಚ್ಚಿಕೊಂಡು ಹಾರಿತು. ಯಾರ ಪಾಲು ದಪ್ಪ ಎಂಬ ಜಗಳ ಮೋಡದ ಆಚೆಯಿಂದಲೂ ಕೇಳುತ್ತಿತ್ತು.

ಮೂರನೆಯ ಮಲೆಯ ನೆತ್ತಿಗೆ ಬಂದಾಗ ಅಲ್ಲಿ ಕಾವಲಿಗೆ ಯಾವ ಮೃಗವೂ ಇರಲಿಲ್ಲ. ಕುಳಿರವ್ವ ಇದ್ದಳು.

ಹಾಸುಬಂಡೆ ಇದ್ದ ಜಾಗದಲ್ಲಿ ಬರೀ ಗುಳಿ. ಅದರ ಸುತ್ತ ಅವಳು ತಿರುಗುತ್ತಿದ್ದಳು. ಬಿಳಿ ಕೂದಲು ಮಲೆಯುದ್ದ ಹಾರುತ್ತಿತ್ತು, ಕಾಲುಗಳು ನೆಲ ಸವೆಸಿ ಸವೆಸಿ ಮೊಣಕಾಲಿನವರೆಗೆ ತೇದುಹೋಗಿದ್ದವು. ಕೆಳಗಿನ ಊರಿಗೆ 'ಊ' ಎಂದು ಕೇಳಿಸುತ್ತಿದ್ದ ಸದ್ದು ಇಲ್ಲಿ ಹತ್ತಿರದಿಂದ ಮಾತಾಗಿ ಕೇಳಿತು.

"ಎಲ್ಲಿ ಕೂರಲಿ? ಎಲ್ಲಿ ಕೂರಲಿ? ಎಲ್ಲಿ ಕೂರಲಿ?"

ಕ್ಯಾತ ಕಂಬಳಿ ಹಾಸಿದ. ಅದು ಹಾರಿತು. ಓಡಿ ಹಿಡಿದು ಮತ್ತೆ ಹಾಸಿದ, ನಾಲ್ಕು ಮೂಲೆಗೂ ಕಲ್ಲು ಹೇರಿದ. ಕಲ್ಲುಗಳೂ ಹಾರಿದವು.

"ಬೇಡ ಮಗ" ಅಂದಳು ಕುಳಿರವ್ವ, ತಿರುಗುತ್ತಲೇ. "ಬಟ್ಟೆಯ ಮೇಲೆ ನಾನು ಕೂರಲಾರೆ. ಬಟ್ಟೆಯೇ ನನ್ನ ಜೊತೆ ಎದ್ದು ಬಿಡುತ್ತೆ. ಹಾಸಿದೆಯಲ್ಲ, ಅಷ್ಟೇ ಸಾಕು. ಬಾಗಿಲು ಬಾಗಿಲಿಗೆ ಹೋದೆ, ಎಲ್ಲರೂ ಅಗುಳಿ ಹಾಕಿಕೊಂಡರು. ಕೂರು ಅಂದವನು ನೀನೊಬ್ಬನೇ. ಒಂದು ಕೇಳಲೇನು?"

"ಕೇಳವ್ವ."

"ನನ್ನ ಬಂಡೆಯನ್ನ ಯಾರು ಕೊಟ್ಟರು ಅಂತ ಗೊತ್ತೇ? ಕದ್ದಿದ್ದರೆ ನನಗೆ ಗೊತ್ತಾಗುತ್ತಿತ್ತು. ಇದು ಯಾರೋ ಕೈಯಾರೆ ಕೊಟ್ಟದ್ದು. ಅವನ ಹೆಸರು ಹೇಳು."

ರುಮಾಲು ಕೊಟ್ಟಾಗ ಅಷ್ಟು ನೋವಾಗಿರಲಿಲ್ಲ. ಮೀಸೆ ಕೊಟ್ಟಾಗಲೂ ಆಗಿರಲಿಲ್ಲ. ಕ್ಯಾತ ಸುತ್ತ ನೋಡಿದ. ಬೂದಿಗಣ್ಣ ಎಳೆದುಕೊಂಡು ಹೋದ ಎನ್ನಬಹುದು. ಯಾರೋ ಪರವೂರಿನವನು ಎನ್ನಬಹುದು. ಆದರೆ ಕಂಬಳಿ ಹಾಸಿಯಾಗಿತ್ತು. ಸುಳ್ಳು ಹೇಳಿದರೆ ನಾಲಿಗೆ ಉಣ್ಣೆ. ಉಣ್ಣೆ ನಾಲಿಗೆಯಲ್ಲಿ ಬೂದಿಗಣ್ಣನನ್ನು ಕೇಳುವುದು ಹೇಗೆ?

"ನಾನೇ ಕಣವ್ವ" ಅಂದ. "ಕರಿಹಟ್ಟಿ ಕ್ಯಾತ. ನಗುತ್ತಾ ಕೊಟ್ಟೆ."

ಕುಳಿರವ್ವ ಕೂಗಿದಳು. ಕ್ಯಾತನನ್ನು ಎತ್ತಿ ಮೋಡಕ್ಕೆ ಬಡಿದಳು, ಮೋಡದಿಂದ ಮರಕ್ಕೆ ಬಡಿದಳು, ಮಲೆಯ ಸುತ್ತ ಬುಗುರಿಯ ಹಾಗೆ ತಿರುಗಿಸಿದಳು. ಅವನು ಕಂಬಳಿಯ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ, ಬಿಡಲಿಲ್ಲ. ಕೊನೆಗೆ ಅವಳಿಗೇ ಸುಸ್ತಾಗಿ ಅವನನ್ನು ಗವಿಯ ಬಾಗಿಲಿಗೆ ಎಸೆದಳು.

"ಇನ್ನೊಬ್ಬನ ಹೆಸರು ಹೇಳಿದ್ದರೆ ಮೂಳೆ ಮುರಿಯುತ್ತಿದ್ದೆ" ಅಂದಳು, ಏದುಸಿರು ಬಿಡುತ್ತಾ. "ಈಗ ನೀನು ಕೇಳು."

"ನಾನು ಕೂಗಿದಾಗ ಬಾ ತಾಯಿ. ಅಷ್ಟು ಸಾಕು."

"ಬಂದರೆ ಎಲ್ಲಿ ಕೂರಲಿ?"

ಕ್ಯಾತ ಅವಸರದಲ್ಲಿ ಕಟ್ಟಳೆ ಮರೆತು, ಬಂಡೆ ಕೇಳಿ ತರುತ್ತೇನೆ ಅಂದುಕೊಂಡು ಗವಿಯೊಳಗೆ ನುಗ್ಗಿದ.

ಒಳಗೆ ಗಡಿಗೆಯ ಮೇಲೆ ಗಡಿಗೆ. ಒಂದೊಂದರಲ್ಲೂ ಒಂದೊಂದು ಮನೆಯ ಬೆಂಕಿ. ಕುಲುಮೆಯ ಬೆಂಕಿ ನೀಲಿ, ಗುಡಿಯ ದೀಪ ಹಳದಿ, ಒಲೆಯ ಬೆಂಕಿ ಕೆಂಪು. ಒಂದು ಸಣ್ಣ ಕುಡಿಕೆಯಲ್ಲಿ ಬಾಣಂತಿ ಕೋಣೆಯ ಕೆಂಡ ಮಿಣಕುತ್ತಿತ್ತು. ಎಲ್ಲದರ ನಡುವೆ ಬೂದಿಗಣ್ಣ ನಿಂತು ಕುಣಿಯುತ್ತಿದ್ದ. ಸಂತೋಷದ ಕುಣಿತವಲ್ಲ, ಚಳಿಯದು. ಕೈ ಉಜ್ಜುತ್ತಾನೆ, ಕಾಲು ಬದಲಿಸುತ್ತಾನೆ, ಈ ಗಡಿಗೆ ಅಪ್ಪುತ್ತಾನೆ, ಆ ಗಡಿಗೆ ಅಪ್ಪುತ್ತಾನೆ. ಇಷ್ಟು ಬೆಂಕಿಯಿದ್ದರೂ ಅವನ ಹಲ್ಲು ತಾಳ ಹಾಕುತ್ತಿತ್ತು.

"ಬಂದೆಯಾ?" ಅಂದ, ನಗುತ್ತಾ. "ಏನೋ ಇದು, ತಲೆ ಬೋಳು, ಮುಖ ಬೋಳು! ಸುಲಿದ ಈರುಳ್ಳಿಯ ಹಾಗೆ ಕಾಣ್ತೀಯಲ್ಲೋ. ಕಂಬಳಿ ಬೇರೆ ತಂದಿದ್ದೀಯ. ನಾನು ಅದರ ಮೇಲೆ ಕೂರ್ತೀನಿ ಅಂದುಕೊಂಡೆಯಾ? ಅಷ್ಟು ದಡ್ಡನೇ ನಾನು?"

ಕ್ಯಾತ ಕಂಬಳಿಯನ್ನು ಮೈತುಂಬ ಹೊದ್ದು, ಒಂದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತ. ಕಣ್ಣು ಅರ್ಧ ಮುಚ್ಚಿದ. "ಹಾ..." ಅಂದ. "ಹಾಯ್..."

"ಏನಾಯ್ತೋ?"

"ಸೆಖೆ ಕಣಪ್ಪ. ಸ್ವಲ್ಪ ಬೀಸಣಿಗೆ ಇದ್ದರೆ ಕೊಡು."

ನಿಜ ಹೇಳಬೇಕೆಂದರೆ ಕ್ಯಾತನ ಮೂಳೆಯೊಳಗಿನ ನೆಣವೂ ಹೆಪ್ಪುಗಟ್ಟಿತ್ತು. ಆದರೆ ಕೊಚ್ಚಿಕೊಳ್ಳುವ ವಿದ್ಯೆ ಅವನಿಗೆ ತಾಯಿಯ ಹಾಲಿನ ಜೊತೆ ಬಂದದ್ದು. ಅದನ್ನು ಒಳ್ಳೆ ಕೆಲಸಕ್ಕೆ ಬಳಸಿದರೆ ತಪ್ಪೇನು?

"ಬೂದಿಗಣ್ಣ, ನಿನಗೆ ಕಂಬಳಿ ಅಂದರೆ ಏನು ಗೊತ್ತು? ಅವತ್ತು ಕೂತೆ, ಎದ್ದೆ, ಓಡಿದೆ. ಕಂಬಳಿ ಬಿಸಿ ಏರೋಕೆ ಹೊತ್ತು ಬೇಕಯ್ಯ. ಇದು ಕರಿಕುರಿಯ ಮೊದಲ ಕತ್ತರಿ ಉಣ್ಣೆ. ನಮ್ಮಜ್ಜಿ ನೂತದ್ದು, ನಮ್ಮಜ್ಜ ನೇಯ್ದದ್ದು. ಇದನ್ನ ಹೊದ್ದು ನಮ್ಮಜ್ಜ ಕೆರೆಗೆ ಇಳಿದರೆ ಕೆರೆ ನೀರು ಕುದೀತಿತ್ತು. ಮೀನು ಬೆಂದು ಮೇಲೆ ಬರ್ತಿದ್ದವು, ಊರವರು ಉಪ್ಪು ಖಾರ ಹಿಡಿದುಕೊಂಡು ದಡದಲ್ಲಿ ನಿಂತಿರ್ತಿದ್ದರು. ನೋಡು, ತಲೆ ಬೋಳು, ಮುಖ ಬೋಳು, ಮೂರು ಮಲೆ ಹತ್ತಿ ಬಂದಿದ್ದೀನಿ. ನಡುಗ್ತಾ ಇದೀನಾ? ನಡುಗೋನು ನೀನು. ಬೆಂಕಿ ಮುಂದೆ ಕಾಯಿಸುತ್ತೆ, ಬೆನ್ನು ಹಾಗೇ ಬಿಡುತ್ತೆ. ಕಂಬಳಿಗೆ ಮುಂದೂ ಇಲ್ಲ, ಬೆನ್ನೂ ಇಲ್ಲ."

ಬೂದಿಗಣ್ಣನ ಬೆನ್ನು ಆ ಮಾತಿಗೆ ಜುಮ್ಮೆಂದಿತು. ಬೆನ್ನಿನ ಚಳಿ ಅವನಿಗೆ ಹುಟ್ಟಿದಾಗಿನಿಂದ ಬಂದ ಸಂಕಟ. ಹತ್ತಿರ ಬಂದ. ಬೆರಳ ತುದಿಯಿಂದ ಕಂಬಳಿ ಮುಟ್ಟಿದ. ಕೈ ತೆಗೆದ. ಮತ್ತೆ ಮುಟ್ಟಿದ.

"ಕೂತರೆ ನೀನೊಂದು ಕೇಳ್ತೀಯ" ಅಂದ.

"ಕೇಳಲೇಬೇಕಲ್ಲ. ಕಟ್ಟಳೆ."

ಬೂದಿಗಣ್ಣ ಯೋಚಿಸಿದ. ಬಾಯಿ ಕಿವಿಯವರೆಗೆ ಅಗಲವಾಯಿತು. "ಹಾಸುಬಂಡೆ ನೀನು ಕೊಟ್ಟದ್ದು. ಕೊಟ್ಟದ್ದನ್ನ ವಾಪಸು ಕೇಳುವಂತಿಲ್ಲ. ನನ್ನ ಪ್ರಾಣ ಕೇಳ್ತೀಯಾ? ಗಾಳಿ ಆಗಲೂ ನಿಲ್ಲಲ್ಲ. ಒಂದು ಗಡಿಗೆ ಬೆಂಕಿ ಕೇಳ್ತೀಯಾ? ತಗೊಂಡು ಹೋಗು, ಮೊದಲ ತಿರುವಲ್ಲೇ ಆರಿ ನನ್ನ ಹತ್ತಿರಾನೇ ಬರುತ್ತೆ. ನೀನು ಏನು ಕೇಳಿದರೂ ನನಗೇನೂ ಕಮ್ಮಿಯಿಲ್ಲ. ಹಾಸು, ಹಾಸು!"

ಕ್ಯಾತ ಹಾಸಿದ. ಬೂದಿಗಣ್ಣ ಚಕ್ಕಳಮಕ್ಕಳ ಹಾಕಿ ಕೂತ, ಕಂಬಳಿಯ ಇನ್ನೊಂದು ಅಂಚನ್ನು ಬೆನ್ನಿನ ಮೇಲೆ ಎಳೆದುಕೊಂಡ. ಅವನ ನಡುಕ ನಿಂತಿತು. ಹುಟ್ಟಿದಾಗಿನಿಂದ ಮೊದಲ ಸಲ ನಿಂತಿತು. "ಆಹಾ" ಅಂದ.

ಕ್ಯಾತ ತಲೆ ಕೆರೆದುಕೊಂಡ. ಬಂಡೆ ಕೇಳಲು ಬಂದವನು ಬಂಡೆ ಕೇಳುವಂತಿಲ್ಲ. ಒಂದೇ ಒಂದು ಕೇಳುವುದು. ಏನು ಕೇಳಲಿ? ಹೊರಗೆ ಕುಳಿರವ್ವ ಸುತ್ತುತ್ತಿದ್ದಳು. "ಎಲ್ಲಿ ಕೂರಲಿ? ಎಲ್ಲಿ ಕೂರಲಿ?" ಒಳಗೆ ಕುಡಿಕೆಯ ಕೆಂಡ ಮಿಣಕುತ್ತಿತ್ತು. ಈಗ ಅಕ್ಕ ಏನು ಮಾಡುತ್ತಿರಬಹುದು? ಕಾಲು ಚಾಚಿ ಕೂತು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗಾಲು ಉಜ್ಜುತ್ತಿರಬಹುದು. ಹಾಸಿಗೆಯಲ್ಲಿ ನಿಲ್ಲದ ಕೂಸು, ತೊಟ್ಟಿಲಲ್ಲಿ ನಿಲ್ಲದ ಕೂಸು, ತೊಡೆಯ ಮೇಲೆ ನಿಲ್ಲುತ್ತದೆ.

ಕ್ಯಾತ ಬೂದಿಗಣ್ಣನನ್ನು ನೋಡಿದ. ಚಕ್ಕಳಮಕ್ಕಳ ಹಾಕಿದ ಕಾಲು, ಅಗಲವಾದ ತೊಡೆ.

"ಕೇಳ್ತೀನಿ" ಅಂದ. ಗಂಟಲಲ್ಲಿ ಏನೂ ಸಿಕ್ಕಿಕೊಳ್ಳಲಿಲ್ಲ. "ನಿನ್ನ ತೊಡೆ ಕೊಡು."

ಬೂದಿಗಣ್ಣ ಹೊಟ್ಟೆ ಹಿಡಿದು ನಕ್ಕ. ನಕ್ಕು ನಕ್ಕು ಕಣ್ಣಿನಿಂದ ಬೂದಿ ಉದುರಿತು. "ತೊಡೆಯಾ? ಮೂರು ಮಲೆ ಹತ್ತಿ, ಮೀಸೆ ಬೋಳಿಸಿಕೊಂಡು ಬಂದು, ನನ್ನ ತೊಡೆಯ ಮೇಲೆ ಕೂರೋ ಆಸೆಯೇನೋ ನಿನಗೆ? ಬಾ ಕಂದ, ಬಾ! ಕೊಟ್ಟೆ, ಕೊಟ್ಟೆ, ಕೊಟ್ಟೆ!"

"ನನಗಲ್ಲ" ಅಂದ ಕ್ಯಾತ. ಗವಿಯ ಬಾಗಿಲಿಗೆ ಓಡಿ, ಎರಡು ಕೈಯನ್ನೂ ಬಾಯಿಗೆ ಹಿಡಿದು ಕೂಗಿದ. "ಕುಳಿರವ್ವಾ! ಬಾ ತಾಯಿ, ಒಳಗೆ ಬಾ! ಜಾಗ ಇದೆ, ಕೂತ್ಕೋ ಬಾ!"

ಬೂದಿಗಣ್ಣನ ನಗು ಅರ್ಧಕ್ಕೆ ನಿಂತಿತು. ಏಳಲು ನೋಡಿದ, ಕೊಟ್ಟ ತೊಡೆ ಏಳಲಿಲ್ಲ. ಕೊಡಲ್ಲ ಅನ್ನಲು ಬಾಯಿ ತೆರೆದ, ನಾಲಿಗೆ ಉಣ್ಣೆಯಾಗಿ ಗಂಟಲಿಗೆ ಬಿತ್ತು. ಕುಳಿರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದಳು, ಸುತ್ತ ಒಮ್ಮೆ ನೋಡಿದಳು, "ಅಬ್ಬಬ್ಬಾ" ಎಂದು ಸೊಂಟ ಹಿಡಿದುಕೊಂಡು ಅವನ ತೊಡೆಯ ಮೇಲೆ ಕೂತುಬಿಟ್ಟಳು. ಮೊದಲು ತೊಡೆ ಕಲ್ಲಾಯಿತು. ಆಮೇಲೆ ಹೊಟ್ಟೆ ಕಲ್ಲಾಯಿತು. ಆಮೇಲೆ ಎದೆ, ಕತ್ತು, ಬೂದಿಯ ಕಣ್ಣು. ಕೊನೆಗೆ ಅಲ್ಲಿ ಇದ್ದದ್ದು ಒಂದು ಕರಿಯ ಬಂಡೆ, ನಡುವೆ ಹಾಸುಬಂಡೆಗಿಂತ ಒಳ್ಳೆಯ ತಗ್ಗು, ಬೆನ್ನಿಗೆ ಒರಗು ಬೇರೆ.

ಗಾಳಿ ನಿಂತಿತು.

ಕ್ಯಾತನ ಕಿವಿಯಲ್ಲಿ ಸದ್ದಿಲ್ಲದ ಸದ್ದು ಗುಂಯ್ ಎಂದಿತು. ಗಡಿಗೆಗಳು ಒಂದೊಂದಾಗಿ ಬಿರಿದವು. ಬೆಂಕಿಗಳೆಲ್ಲ ಜೇನು ಎದ್ದ ಹಾಗೆ ಎದ್ದು, ಗವಿಯಿಂದ ಹೊರಬಿದ್ದು, ಹಗಲಲ್ಲೇ ಆಕಾಶ ಕೆಂಪು ಮಾಡಿ, ತಮ್ಮ ತಮ್ಮ ಮನೆಯ ಕಡೆ ಹಾರಿದವು. ಸಣ್ಣ ಕುಡಿಕೆಯ ಕೆಂಡ ಎಲ್ಲಕ್ಕಿಂತ ಮುಂದೆ ಹಾರಿತು.

"ಅವ್ವ, ಮತ್ತೆ ಅವರೆ ಹೂ ಬಿಟ್ಟಾಗ ಬರ್ತೀಯ ತಾನೇ?" ಕೇಳಿದ ಕ್ಯಾತ.

ಕುಳಿರವ್ವ ಒರಗಿದ ಕಡೆಯೇ ಬಾಯಿ ತೆರೆದು ನಿದ್ದೆ ಹೋಗಿದ್ದಳು.

ಕ್ಯಾತ ಇಳಿದು ಬರುವ ದಾರಿಯಲ್ಲಿ ಮುತ್ತುಗಗಳು ಒಟ್ಟಿಗೆ ಹೂ ಬಿಡುತ್ತಿದ್ದವು, ತಡವಾಯಿತು ಎಂಬ ಅವಸರದಲ್ಲಿ. ಊರಲ್ಲಿ ಪ್ರತಿ ಹೊಗೆಗಂಡಿಯಲ್ಲೂ ಹೊಗೆ. ಜನ ಅಂಗಳದಲ್ಲಿ, ಜಗಲಿಯಲ್ಲಿ, ಕೂತಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದರು. ಅರಮನೆಯಲ್ಲಿ ಅರಸ ಎರಡು ಗೋಡೆಗಳ ನಡುವೆ ಕೌದಿಯ ಸಮೇತ ಉರುಳಿ ಬಿದ್ದು ನಿದ್ದೆ ಹೋಗಿದ್ದ, ಮಂತ್ರಿಗಳು ಸಾಲಾಗಿ ಅವನ ಪಕ್ಕ.

ಕ್ಯಾತ ಬಾಗಿಲು ನೂಕಿದ. ಅಗ್ಗಿಷ್ಟಿಕೆ ಕೆಂಪಗೆ ಉರಿಯುತ್ತಿತ್ತು. ತಿಪ್ಪಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರಪ್ಪ ನೀನು? ನಮ್ಮ ಕ್ಯಾತನ ತಂಗಿಯಾ?"

"ಕೂಸು ಎಲ್ಲಿ ಅಕ್ಕ?"

ಅವಳು ಮಡಿಲು ಸರಿಸಿ ತೋರಿಸಿದಳು. ಕೂಸಿನ ತುಟಿ ಮುತ್ತುಗದ ಹೂವಿನ ಬಣ್ಣಕ್ಕೆ ಬಂದಿತ್ತು. ಹೊಸ ಮುಖ ಕಂಡದ್ದೇ ಅದು ಇಡೀ ಕರಿಹಟ್ಟಿಗೆ ಕೇಳುವ ಹಾಗೆ ಕಿರುಚಿ ಅತ್ತಿತು.

"ಅಬ್ಬಾ, ಎಂಥ ಗಂಟಲು!" ಅಂದಳು ತಿಪ್ಪಕ್ಕ. "ಸೋದರಮಾವನದೇ. ಕೂತ್ಕೋ. ಏನೇನು ಮಾಡಿದೆ ಹೇಳು."

ಕ್ಯಾತ ಕೆಂಡದ ಪಕ್ಕ ಕೂತು, ಇಲ್ಲದ ಮೀಸೆ ತಿರುವಿ, ಶುರು ಮಾಡಿದ. "ಒಂದು ತೋಳ ಅಕ್ಕ. ಆನೆಯಷ್ಟು. ಅಲ್ಲ, ಎರಡು ಆನೆಯಷ್ಟು. ನಾನು ಹೋಗಿ ಅದರ ಬಾಲ..."

ಅಷ್ಟರಲ್ಲೇ ಅವನ ಗಲ್ಲ ಎದೆಗೆ ಬಿತ್ತು. ಕೂಸು ಅಳು ನಿಲ್ಲಿಸಿ, ಕಣ್ಣು ಪಿಳಿಪಿಳಿ ಬಿಟ್ಟು, ಗೊರಕೆ ಹೊಡೆಯುತ್ತಿದ್ದ ಮಾವನನ್ನೇ ನೋಡುತ್ತಾ ಮಲಗಿತು. ಆಮೇಲೆ ಮುಮ್ಮಲೆಯಲ್ಲಿ ಚಳಿ ಚಳಿಗಾಲಕ್ಕೆ ಬಂತು, ಬೇಸಿಗೆ ಬೇಸಿಗೆಗೆ ಬಂತು, ಒಲೆಯ ಬೆಂಕಿ ಒಲೆಯಲ್ಲೇ ಇತ್ತು. ಜನ ಹೊಟ್ಟೆ ತುಂಬ ಉಂಡರು, ಕಣ್ಣು ತುಂಬ ನಿದ್ದೆ ಮಾಡಿದರು, ಎದ್ದು ಕೂತು ಬಾಯಿ ತುಂಬ ಜಂಬ ಕೊಚ್ಚಿಕೊಂಡು ಸುಖವಾಗಿದ್ದರು.